ಟ್ರೇಯಲ್ಲಿದ್ದ ತೊಗರಿಬೇಳೆ

ಆಪರೇಷನ್ ಥಿಯೇಟರಿನಲ್ಲಿ ದೀಪ ಆರಬಾರದು. ನಾನು ಕೆಲಸಕ್ಕೆ ಸೇರಿದ ದಿನ ಕಲಿತ ಮೊದಲ ಪಾಠ ಇದು. ಮಳೆಗಾಲದಲ್ಲಿ ಕರೆಂಟು ನೆಂಟರ ಹಾಗೆ ಬಂದು ಹೋಗುವ ಕೊಪ್ಪದಂಥ ಊರಿನಲ್ಲಿ ಒಬ್ಬ ಥಿಯೇಟರ್ ಸಿಸ್ಟರಿನ ಯೋಗ್ಯತೆ ಗೊತ್ತಾಗುತ್ತಿದ್ದದ್ದು ಕತ್ತಲಾದ ಮೇಲೆಯೇ. ಮೂವತ್ತು ವರ್ಷ ಆ ಪರೀಕ್ಷೆಯಲ್ಲಿ ಪಾಸಾಗುತ್ತ ಬಂದೆ. ನಿವೃತ್ತಿ ಹತ್ತಿರವಾದಾಗ, ದೀಪ ಆರಿಸಿದರೆ ಮಾತ್ರ ಕೆಲಸ ಮಾಡುವ ಒಂದು ಯಂತ್ರ ನಮ್ಮ ಆಸ್ಪತ್ರೆಗೆ ಬಂತು.

ನನ್ನ ತಂಗಿಯ ಮಗಳು ಈಗ ನರ್ಸಿಂಗ್ ಮುಗಿಸಿ ಥಿಯೇಟರ್ ಕೆಲಸಕ್ಕೆ ಸೇರಿದ್ದಾಳೆ. "ನಿನ್ನ ಸರ್ವಿಸಿಂದು ಎಂತಾದ್ರೂ ಬರಿ ದೊಡ್ಡಮ್ಮ, ನಮ್ಮಂಥವ್ರಿಗೆ ಉಪಯೋಗ ಆಗತ್ತೆ" ಎಂದು ಗಂಟುಬಿದ್ದಳು. ಬರೆಯುತ್ತೇನೆ. ಆದರೆ ಬಡ್ತಿ, ಬೀಳ್ಕೊಡುಗೆ, ಶಾಲು, ಹಣ್ಣಿನ ಬುಟ್ಟಿಗಳ ವಿಷಯ ಇಲ್ಲಿ ಬರುವುದಿಲ್ಲ. ಶಾಲು ಬೆಚ್ಚಗಿದೆ, ಬುಟ್ಟಿಯಲ್ಲಿ ಈಗ ಈರುಳ್ಳಿ ಇದೆ.

ನಮ್ಮದು ಕೊಪ್ಪ ಪೇಟೆಯ ಒಂದು ಖಾಸಗಿ ಆಸ್ಪತ್ರೆ. ಮಹಡಿಯ ಮೇಲೆ ಥಿಯೇಟರು, ಕೆಳಗೆ ಜನರೇಟರು. ಥಿಯೇಟರಿನ ಯಜಮಾನರು ನಮ್ಮ ಸರ್ಜನ್. ಊರಿಗೆಲ್ಲ ಅವರು 'ದೊಡ್ಡ ಡಾಕ್ಟ್ರು'. ಆಳು ಗಿಡ್ಡ, ಧ್ವನಿ ದೊಡ್ಡದು. ಜನರೇಟರಿನ ಯಜಮಾನ ಅಟೆಂಡರ್ ಶೇಷಪ್ಪ. ಥಿಯೇಟರಿನ ಕಿಟಕಿ ಕಪ್ಪಾದದ್ದು ಕಂಡರೆ ಸಾಕು, ಊಟದ ತಟ್ಟೆ ಬಿಟ್ಟು ಎದ್ದು ಜನರೇಟರ್ ಹಚ್ಚಿ, ಮೂರು ಸೆಲ್ಲಿನ ಟಾರ್ಚ್ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದ. ಇವನಂಥ ಇನ್ನೊಬ್ಬ ನಿಷ್ಠಾವಂತನನ್ನು ನಾನು ಕಂಡಿಲ್ಲ. ಅವನ ನಿಷ್ಠೆಯಿಂದ ನಾವು ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ.

ಒಂದು ಮಳೆಗಾಲದ ಮಧ್ಯಾಹ್ನ ಅಪೆಂಡಿಕ್ಸ್ ಆಪರೇಷನ್ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಜನರೇಟರಿನೊಳಗೆ ಇಲಿ ಹೊಕ್ಕು ವೈರು ಕಡಿದಿತ್ತು. ಶೇಷಪ್ಪ ಅದರ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದ, ನಾವು ಇಲ್ಲಿ ರೋಗಿಯ ಹೊಟ್ಟೆ ಬಿಚ್ಚಿಕೊಂಡು ನಿಂತಿದ್ದೆವು. ಕೈಗಳು ಸಾಲದೆ ರೋಗಿಯ ಭಾವನನ್ನೇ ಒಳಗೆ ಕರೆದು, ಗೌನು ತೊಡಿಸಿ, ಟಾರ್ಚ್ ಹಿಡಿಸಿದೆ. ಹೇಳಿದ ಜಾಗಕ್ಕೇ ಸರಿಯಾಗಿ ಬೆಳಕು ಬಿಟ್ಟರು. ಒಳಗಿನದ್ದು ಕಣ್ಣಿಗೆ ಬಿದ್ದೊಡನೆ ಅವರಿಗೆ ತಲೆ ತಿರುಗಿತು. ಗೋಡೆಗೆ ಒರಗಿ ಹಾಗೇ ಎತ್ತರದ ಸ್ಟೂಲಿನ ಮೇಲೆ ಕುಸಿದರು, ಕಣ್ಣು ಮುಚ್ಚಿತು, ಬಾಯಿ ತೆರೆಯಿತು. ಟಾರ್ಚ್ ಹಿಡಿದ ಕೈ ಮಾತ್ರ ಕಪಾಟಿನ ಹಿಡಿಕೆಗೆ ಸಿಕ್ಕಿಕೊಂಡು ಇದ್ದಲ್ಲೇ ನಿಂತಿತ್ತು. ನಾನು ಎಬ್ಬಿಸಲು ಹೋದರೆ ಡಾಕ್ಟರು ತಲೆ ಎತ್ತದೆ, "ಅವ್ರನ್ನ ಎಬ್ಬಿಸ್ಬೇಡಿ ಸಿಸ್ಟರ್, ಲೈಟ್ ಚೆನ್ನಾಗಿದೆ" ಎಂದರು. ಆಮೇಲೆ ರೋಗಿಗಿಂತ ಭಾವನಿಗೇ ಹೆಚ್ಚು ದಿನ ಗ್ಲೂಕೋಸ್ ಬೇಕಾಯಿತು.

ಇನ್ನೊಂದು ಪದ್ಧತಿಯ ಬಗ್ಗೆ ಹೇಳಬೇಕು. ದೇಹದಿಂದ ಏನೇ ತೆಗೆದರೂ ಅದನ್ನು ಟ್ರೇಯಲ್ಲಿಟ್ಟು ಹೊರಗೆ ಕಾದಿರುವ ಮನೆಯವರಿಗೆ ತೋರಿಸುವುದು. ಒಬ್ಬ ಪುಣ್ಯಾತ್ಮ ಸಂತೆಯಲ್ಲಿ ನಿಂತು, "ಕೊಯ್ದು ಹೊಲ್ದು ಕಳ್ಸಿದಾರೆ ಅಷ್ಟೆ, ಒಳಗಿಂದ ಎಂತದೂ ತೆಗ್ದಿಲ್ಲ" ಎಂದು ಸಾರಿದ ಮೇಲೆ ದೊಡ್ಡ ಡಾಕ್ಟ್ರು ಇದನ್ನು ಕಡ್ಡಾಯ ಮಾಡಿದರು. ಅಪೆಂಡಿಕ್ಸ್ ಕಂಡವರಿಗೆ ಸದಾ ನಿರಾಸೆ. "ಇಷ್ಟೇ ಇಷ್ಟಾ? ಇದಕ್ಕೆ ಇವ್ನು ಹಂಗೆ ಕೂಗಿದ್ನಾ?" ಎನ್ನುತ್ತಿದ್ದರು. ಪಿತ್ತಕೋಶದ ಕಲ್ಲುಗಳನ್ನು ತೊಳೆಸಿಕೊಂಡು ಹೋಗಿ ಶೋಕೇಸಿನಲ್ಲಿ ಇಡುತ್ತಿದ್ದರು. ಥೈರಾಯ್ಡ್ ಗಡ್ಡೆಗೆ ಮಾತ್ರ ಎಲ್ಲರೂ ಮರ್ಯಾದೆ ಕೊಡುತ್ತಿದ್ದರು. ಬಸರೀಕಟ್ಟೆಯ ಒಬ್ಬರು ಹೆಂಡತಿಯ ಗಡ್ಡೆಯ ಪಕ್ಕ ನಿಂತು, ತಲೆ ಬಾಚಿಕೊಂಡು, ಫೋಟೋ ತೆಗೆಸಿಕೊಂಡರು.

ಹಾಗೆ ಹೊರಗೆ ಹೋಗುವ ಟ್ರೇ ನನ್ನದು. ಅದರ ವಿಷಯದಲ್ಲಿ ನಾನು ಜಗಳಗಂಟಿ ಎಂದು ಹೆಸರು ಪಡೆದವಳು. ನನ್ನ ಕೈಯಲ್ಲಿ ಕಲಿತ ಹುಡುಗಿಯರು ಟ್ರೇಯಲ್ಲಿ ತಮ್ಮ ಮುಖ ಕಾಣುವ ತನಕ ಉಜ್ಜಬೇಕಿತ್ತು. ಎಷ್ಟೋ ಜನ ಅತ್ತಿದ್ದಾರೆ, ಅತ್ತದ್ದೂ ಟ್ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಈಗ ಥೈರಾಯ್ಡಿಗೆ ಬರುತ್ತೇನೆ. ಗಂಟಲ ಮುಂದೆ ಪಾತರಗಿತ್ತಿ ರೆಕ್ಕೆ ಬಿಚ್ಚಿದ ಹಾಗೆ ಕೂತಿರುವ ಗ್ರಂಥಿ ಅದು. ಅದರ ಬೆನ್ನಿಗೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳು ಅಂಟಿಕೊಂಡಿರುತ್ತವೆ. ಹೆಸರು ಪ್ಯಾರಾಥೈರಾಯ್ಡ್. ಬಣ್ಣ ಹಳದಿಮಿಶ್ರಿತ ಕಂದು, ಗಾತ್ರ ಕಾಳಿನಷ್ಟು. ನಮ್ಮ ರಕ್ತದ ಕ್ಯಾಲ್ಸಿಯಂ ಅವುಗಳ ಕೈಯಲ್ಲಿದೆ. ದೊಡ್ಡ ಗ್ರಂಥಿಯನ್ನು ತೆಗೆಯುವಾಗ ಈ ಪುಟಾಣಿಗಳನ್ನು ರಕ್ತನಾಳ ಸಮೇತ ಬಿಡಿಸಿ ಕುತ್ತಿಗೆಯಲ್ಲೇ ಉಳಿಸಬೇಕು. ರಕ್ತ ತಪ್ಪಿದರೆ ಅವು ಸಾಯುತ್ತವೆ, ಕ್ಯಾಲ್ಸಿಯಂ ಇಳಿಯುತ್ತದೆ, ರೋಗಿಯ ಬೆರಳುಗಳು ಜುಮುಗುಟ್ಟಿ ಸೆಟೆದುಕೊಳ್ಳುತ್ತವೆ. ತೊಂದರೆ ಏನೆಂದರೆ ಅವು ನೋಡಲು ಥೇಟು ಕೊಬ್ಬಿನ ಹಾಗೇ ಇರುತ್ತವೆ. ದೊಡ್ಡ ಡಾಕ್ಟ್ರು "ಇದು ಗ್ರಂಥಿ" ಎನ್ನುವರು, ಮರುಕ್ಷಣ "ಅಲ್ಲ, ಕೊಬ್ಬು" ಎನ್ನುವರು. ಶೃಂಗೇರಿಯಿಂದ ಬರುತ್ತಿದ್ದ ಅರಿವಳಿಕೆ ಡಾಕ್ಟರು ತಮ್ಮ ಸ್ಟೂಲಿನಿಂದಲೇ, "ಮಾರಾಯ್ರೆ, ಬೇಕಾದ್ರೆ ವೋಟಿಗೆ ಹಾಕಿ" ಎನ್ನುವರು.

ಆ ಕಾಲದ ಒಂದು ಪ್ರಸಂಗ. ಕೆರೆಕಟ್ಟೆ ಕಡೆಯ ಒಬ್ಬ ಹೆಂಗಸಿಗೆ ಆಪರೇಷನ್ ಆಗಿ ಮಾರನೆಯ ದಿನ ಕ್ಯಾಲ್ಸಿಯಂ ಇಳಿಯಿತು. ಎರಡೂ ಕೈಗಳ ಬೆರಳುಗಳು ಒಟ್ಟುಗೂಡಿ, ಮಣಿಕಟ್ಟು ಮಡಚಿ, ತುತ್ತು ಕಲಸುವ ಭಂಗಿಯಲ್ಲಿ ಸೆಟೆದವು, ತುಟಿ ಅದುರತೊಡಗಿತು. ನಾನು ಇಂಜೆಕ್ಷನ್ ತರಲು ಓಡಿ ಬರುವಷ್ಟರಲ್ಲಿ ಮನೆಯವರೆಲ್ಲ ಮಂಚದ ಸುತ್ತ ಕೈಮುಗಿದು ನಿಂತಿದ್ದರು. ಮೈಮೇಲೆ ಬಂದಿದೆ ಎಂದು ಅವರ ತೀರ್ಮಾನ. ಗಂಡ ಬಹಳ ಭಕ್ತಿಯಿಂದ, ಕಾಡಿಗೆ ಹೋಗಿ ಕಳೆದುಹೋದ ಕೆಂಪು ದನ ಯಾವ ದಿಕ್ಕಿನಲ್ಲಿದೆ ಎಂದು ಕೇಳುತ್ತಿದ್ದ. ಆ ಪಾಪದ ಹೆಂಗಸಿನ ಮಡಚಿದ ಕೈ ನಡುಗುತ್ತ ಕಿಟಕಿಯ ಕಡೆ ತಿರುಗಿತ್ತು. ನಾನು ಎಲ್ಲರನ್ನೂ ಪಕ್ಕಕ್ಕೆ ತಳ್ಳಿದೆ, ಡಾಕ್ಟರು ನಿಧಾನವಾಗಿ ಕ್ಯಾಲ್ಸಿಯಂ ಏರಿಸಿದರು. ಕೈ ಸಡಿಲವಾಯಿತು. ಗಂಡ ನನ್ನ ಮೇಲೆ ಸಿಟ್ಟಾದ. "ಇನ್ನೊಂದು ಘಳಿಗೆ ತಡೀಬಾರ್ದಿತ್ತಾ ಸಿಸ್ಟ್ರೇ? ದಿಕ್ಕು ಹೇಳಿದ್ರು, ಹಳ್ಳದ ಈಚೆನೋ ಆಚೆನೋ ಹೇಳ್ತಿದ್ರು."

ನಗು ಬರುತ್ತದೆ. ಆದರೆ ಆ ಹೆಂಗಸು ಆಮೇಲೆ ಜೀವಮಾನವಿಡೀ ಕ್ಯಾಲ್ಸಿಯಂ ಮಾತ್ರೆ ನುಂಗಬೇಕಾಯಿತು. ಮಾತ್ರೆ ತಪ್ಪಿದ ದಿನ ಬೆರಳು ಮಡಚುತ್ತಿತ್ತು. ದೊಡ್ಡ ಡಾಕ್ಟ್ರು ಆಕೆಯನ್ನು ಕಂಡಾಗಲೆಲ್ಲ ಆ ದಿನ ಯಾರ ಜೊತೆಗೂ ಜಗಳವಾಡುತ್ತಿರಲಿಲ್ಲ. ಅವರ ಮಟ್ಟಿಗೆ ಅದು ದುಃಖದ ಲಕ್ಷಣ.

ಅದಕ್ಕೇ ಅವರು ಮಂಗಳೂರಿನ ಯಾವುದೋ ಸಮ್ಮೇಳನದಲ್ಲಿ ಆ ಕ್ಯಾಮೆರಾ ಕಂಡು ಮರುಳಾಗಿ ಬಂದದ್ದು. ಒಂದು ಹಸಿರು ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದು ರಕ್ತದ ಜೊತೆ ಹರಿಯುತ್ತದೆ. ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಕ್ಯಾಮೆರಾ ಕುತ್ತಿಗೆಯ ಮೇಲೆ ಬಿಡುತ್ತದೆ. ರಕ್ತ ಹರಿಯುವ ಗ್ರಂಥಿ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ, ರಕ್ತ ತಪ್ಪಿದ್ದು ಕಪ್ಪಾಗಿ ಉಳಿಯುತ್ತದೆ. ಕಪ್ಪಾದದ್ದನ್ನು ಆಗಲೇ ತೆಗೆದು, ಚೂರು ಮಾಡಿ, ಕುತ್ತಿಗೆಯ ಸ್ನಾಯುವಿನೊಳಗೆ ನೆಟ್ಟರೆ ಅಲ್ಲಿ ಹೊಸದಾಗಿ ರಕ್ತ ಹಿಡಿದು ಬದುಕುವ ಸಾಧ್ಯತೆ ಇದೆ. ಕಂಪನಿಯವನೊಬ್ಬ ಟೈ ಕಟ್ಟಿಕೊಂಡು, ಯಂತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಬಾಣಂತಿಯ ಹಾಗೆ ಹೊದಿಸಿ ಮಲಗಿಸಿಕೊಂಡು ಘಾಟಿ ಹತ್ತಿ ಬಂದ. ಕೆಲವು ತಿಂಗಳು ಪರೀಕ್ಷೆಗೆ ಇಟ್ಟುಕೊಳ್ಳಿ ಎಂದ. ಒಂದೇ ಷರತ್ತು ಹೇಳಿದ. ಥಿಯೇಟರಿನ ದೀಪ, ಕಿಟಕಿಯ ಬಿಸಿಲು, ಯಾವುದೂ ಇರಬಾರದು, ಇದ್ದರೆ ಪರದೆಯೆಲ್ಲ ಬೆಳ್ಳಗಾಗುತ್ತದೆ.

ಕಿಟಕಿಗೆ ಕಪ್ಪು ಟಾರ್ಪಾಲು ಬಡಿದೆವು. ಮೊದಲ ಪ್ರಯೋಗದ ದಿನ ದೊಡ್ಡ ಡಾಕ್ಟ್ರು "ಲೈಟ್ ಆಫ್" ಎಂದರು. ನಾನು ಸ್ವಿಚ್ಚು ಒತ್ತಿದೆ. ಒತ್ತಿದ ಮರುಕ್ಷಣ ನನ್ನ ಇನ್ನೊಂದು ಕೈ ತಾನಾಗಿಯೇ ಸೊಂಟದ ಟಾರ್ಚ್ ತೆಗೆದು ಹಚ್ಚಿತು. ನನ್ನೊಬ್ಬಳದ್ದಲ್ಲ. ಡಾಕ್ಟರನ್ನೂ ಅವರಿಗೆ ಉಪಕರಣ ಕೊಡುತ್ತಿದ್ದ ನರ್ಸ್ ಶಾಲಿನಿಯನ್ನೂ ಬಿಟ್ಟು ಥಿಯೇಟರಿನಲ್ಲಿದ್ದ ಎಲ್ಲರ ಟಾರ್ಚುಗಳೂ ಒಟ್ಟಿಗೇ ರೋಗಿಯ ಕುತ್ತಿಗೆಗೆ ಬಿದ್ದವು. "ಆರಿಸ್ರೀ!" ಎಂದು ಡಾಕ್ಟರು ಕೂಗಿದರು. ಆರಿಸಿದೆವು. ಅಷ್ಟರಲ್ಲಿ ಕೆಳಗೆ ಜನರೇಟರು ಗುಡುಗಿತು, ಬಾಗಿಲು ತೆರೆಯಿತು, ಮೂರು ಸೆಲ್ಲಿನ ಟಾರ್ಚ್ ಸಮೇತ ಶೇಷಪ್ಪ ಪ್ರತ್ಯಕ್ಷನಾದ. "ಹೆದರ್ಬೇಡಿ ಡಾಕ್ಟ್ರೇ, ನಾನು ಬಂದೆ!"

ಎರಡನೆಯ ಸಲ ಶೇಷಪ್ಪನಿಗೆ ಮೊದಲೇ ಹೇಳಿದ್ದೆವು. ಟಾರ್ಪಾಲಿನ ಅಂಚಿನಲ್ಲಿ ಕತ್ತಲು ಕಂಡಾಗ ತಡೆದುಕೊಂಡನಂತೆ. ಆದರೆ ಆಗ ನಿಜವಾಗಿಯೂ ಕರೆಂಟು ಹೋಗಿತ್ತು. ಕತ್ತಲೆಯಲ್ಲಿ ನಾವು ಬಹಳ ಹೊತ್ತು, ಯಂತ್ರ ಏಕೆ ಏನೂ ತೋರಿಸುತ್ತಿಲ್ಲ ಎಂದು ಶಿಸ್ತಾಗಿ ಕಾಯುತ್ತ ನಿಂತಿದ್ದೆವು. ಬ್ಯಾಟರಿಯ ಮೇಲೆ ಓಡುತ್ತಿದ್ದ ತಮ್ಮ ಮಾನಿಟರು ಕುಂಯ್ಗುಟ್ಟತೊಡಗಿದಾಗ ಅರಿವಳಿಕೆ ಡಾಕ್ಟರು, "ಮಾರಾಯ್ರೆ, ಇದು ನಮ್ಮ ಕತ್ತಲೆ ಅಲ್ಲ, ಕರೆಂಟಿನವ್ರದ್ದು" ಎಂದರು. ಅಂದಿನಿಂದ ನಾವು ದೀಪ ಆರಿಸುವ ಮೊದಲು "ಬೇಕೂಂತ ಕತ್ತಲೆ!" ಎಂದು ಕಿಟಕಿಯ ಬಳಿ ಕೂಗುವ ಕ್ರಮ ಮಾಡಿದೆವು. ಕೆಳಗೆ ಔಷಧಿ ಅಂಗಡಿಯಲ್ಲಿ ನಿಂತ ಜನ ಆಕಾಶ ನೋಡುತ್ತಿದ್ದರು.

ಶೇಷಪ್ಪ ಮಾತ್ರ ದಿನೇದಿನೇ ಸೊರಗಿದ. ಕತ್ತಲು ಕಂಡೂ ಕೈಕಟ್ಟಿ ಕೂರುವುದು ಅವನಿಂದಾಗದು. ಅವನನ್ನು ಜನರೇಟರಿನಿಂದ ದೂರವಿಡಲು ದೊಡ್ಡ ಡಾಕ್ಟ್ರು ಒಂದು ಉಪಾಯ ಹುಡುಕಿದರು. ಅಲ್ಲಿಯವರೆಗೆ ಟ್ರೇ ತೋರಿಸುವ ಕೆಲಸ ನನ್ನದಾಗಿತ್ತು. ಅದನ್ನು ಅವನಿಗೆ ಕೊಟ್ಟರು. ತೋರಿಸಿ ಮುಗಿದ ಮೇಲೆ ಗಡ್ಡೆಯನ್ನು ಕೆಡದಂತೆ ಇಡುವ ಫಾರ್ಮಲಿನ್ ಬಾಟಲಿಗೆ ಹಾಕಿ ಮುಚ್ಚಬೇಕು, ಅದು ಮುಂದೆ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಗುತ್ತದೆ. ಶೇಷಪ್ಪ ಈ ಬಡ್ತಿಯನ್ನು ಬಹಳ ಗಂಭೀರವಾಗಿ ಸ್ವೀಕರಿಸಿದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರತೊಡಗಿದ. "ಈಗ ನಿಮ್ಗೆ ಕಾಣ್ತಿರೋದು ಬಲಗಡೆ ಭಾಗ" ಎಂದು ವಿವರಣೆಯನ್ನೂ ಶುರು ಮಾಡಿದ. ನನಗೆ ಹೊಟ್ಟೆ ಉರಿಯಿತು. ಅದನ್ನು ಮುಚ್ಚಿಡುವುದೇಕೆ?

ಹೀಗಿರುವಾಗ ಗಿರಿಜಾ ಬಂದಳು. ನರಸಿಂಹರಾಜಪುರದ ರಸ್ತೆಯ ಬದಿಯಲ್ಲಿ ಅವಳದ್ದೊಂದು ಕಸಿ ಗಿಡಗಳ ನರ್ಸರಿ. ಕಾಡುಮೆಣಸಿನ ಬುಡಕ್ಕೆ ಒಳ್ಳೆಯ ಜಾತಿಯ ಕಾಳುಮೆಣಸು, ಕಾಟು ಮಾವಿಗೆ ಉಪ್ಪಿನಕಾಯಿಯ ಅಪ್ಪೆಮಿಡಿ, ಹೀಗೆ ಕಸಿ ಕಟ್ಟುವುದು ಅವಳ ಬದುಕು. ಗಂಡ ಗಿಡ ಮಾರುತ್ತಿದ್ದ, ಕಟ್ಟುವ ಕೈ ಅವಳೊಬ್ಬಳದ್ದೇ. ಕತ್ತಿನಲ್ಲಿ ಎರಡೂ ಕಡೆ ಗಡ್ಡೆ ಬೆಳೆದು ಶ್ವಾಸನಾಳ ಒತ್ತಿ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗ್ರಂಥಿಯನ್ನು ಪೂರ್ತಿ ತೆಗೆಯಲೇಬೇಕಿತ್ತು. ಧ್ವನಿಗೆ ತೊಂದರೆ ಬರಬಹುದು ಎಂದು ಡಾಕ್ಟರು ವಿವರಿಸಿದಾಗ ಗಂಡನ ಮುಖ ಸ್ವಲ್ಪ ಅರಳಿತು. ಬೆರಳಿಗೆ ತೊಂದರೆ ಬರಬಹುದು ಎಂದಾಗ ಇಬ್ಬರ ಮುಖವೂ ಇಳಿಯಿತು.

"ಸ್ವರ ಹೋದ್ರೆ ಹೋಗ್ಲಿ ಡಾಕ್ಟ್ರೇ" ಎಂದಳು ಗಿರಿಜಾ. "ಕೈ ನಡುಗಿದ್ರೆ ನಾನು ಎಂತಕ್ಕೂ ಬರ್ದೋಳು. ಸೀಳಿದ ಕಡ್ಡಿ ಒಂದ್ಕೊಂದು ಕೂರ್ಬೇಕು, ಒಂದು ಕೂದ್ಲು ಸಂದಿ ಇರ್ಬಾರ್ದು. ನಡುಗೋ ಕೈಯಲ್ಲಿ ಕಸಿ ಹಿಡಿಯಲ್ಲ."

"ಅದಕ್ಕೇ ಈ ಮಿಷನ್ ಇರೋದು" ಎಂದು ಡಾಕ್ಟರು ಮೊದಲ ಮಗುವನ್ನು ತೋರಿಸುವ ತಂದೆಯ ಹಾಗೆ ಕ್ಯಾಮೆರಾ ತೋರಿಸಿದರು.

ಆಪರೇಷನ್ ದಿನ ಬೆಳಿಗ್ಗೆ ಜೀಪು ತುಂಬ ನೆಂಟರು ಬಂದರು. ಗಿರಿಜಾಳ ಅತ್ತೆ ಗೌರಮ್ಮಜ್ಜಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಜೀಪಿನಲ್ಲೇ ಕೂತು, "ಗಡ್ಡೆ ಕಣ್ಣಾರೆ ಕಾಣ್ದೆ ನಾನು ಇಲ್ಲಿಂದ ಏಳಲ್ಲ" ಎಂದು ಹೇಳಿ ಕಳಿಸಿದರು. ಕನ್ನಡಕ ಮನೆಯಲ್ಲೇ ಮರೆತಿದ್ದರು.

ಆಪರೇಷನ್ ಸಲೀಸಾಗಿ ನಡೆಯಿತು. ಗಡ್ಡೆಯನ್ನು ಡಾಕ್ಟರು ನನ್ನ ಟ್ರೇಯಲ್ಲಿಟ್ಟರು. ಅವರಿಗೆ ಮೊದಲಿನಿಂದಲೂ ಒಂದು ಪದ್ಧತಿ ಇತ್ತು. ತೆಗೆದ ಗಡ್ಡೆಯನ್ನು ಮಗುಚಿ, ಬೆನ್ನಿನಲ್ಲಿ ಪುಟಾಣಿ ಗ್ರಂಥಿಗಳೇನಾದರೂ ತಪ್ಪಿ ಬಂದಿವೆಯೇ ಎಂದು ಬೆಳಕಿನಲ್ಲಿ ಹುಡುಕುವುದು. ಅದಾದ ಮೇಲಷ್ಟೇ ಟ್ರೇ ಹೊರಗೆ. ನಾನು ಎಂದಿನಂತೆ "ನೋಡಿ ಆಯ್ತಾ ಸರ್?" ಎಂದೆ. ಅವರ ಕಣ್ಣು ಕ್ಯಾಮೆರಾದ ಪರದೆಯ ಮೇಲಿತ್ತು. "ಹ್ಞೂಂ" ಎಂದರು. ಪೇಪರ್ ಓದುವ ಗಂಡಸರು ಹೆಂಡತಿಗೆ ಹೇಳುವ ಹ್ಞೂಂ ಅದು ಎಂದು ಆಮೇಲೆ ತಿಳಿಯಿತು. ಟ್ರೇಗೆ ಸಲೈನಿನಲ್ಲಿ ನೆನೆದ ಬಟ್ಟೆ ಮುಚ್ಚಿ ಶೇಷಪ್ಪನಿಗೆ ಕೊಟ್ಟೆ. "ಬೇಕೂಂತ ಕತ್ತಲೆ!" ಎಂದು ಕೂಗಿ ದೀಪ ಆರಿಸಿದೆ.

ಹಸಿರು ಔಷಧಿ ಹೋಯಿತು. ಪರದೆಯ ಮೇಲೆ ರಕ್ತನಾಳಗಳು ಒಂದೊಂದಾಗಿ ಬೆಳಗಿದವು. ಎಷ್ಟು ಚೆಂದ ಇತ್ತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಆಮೇಲೆ ಡಾಕ್ಟರ ಧ್ವನಿ ಸಣ್ಣದಾಯಿತು. "ಇದೊಂದು ಬೂದು. ಇದು ಪೂರ್ತಿ ಕಪ್ಪು. ಇನ್ನೆರಡು ಎಲ್ಲಿ?"

ದೀಪ ಹಾಕಿ ಹುಡುಕಿದರು, ಸಿಗಲಿಲ್ಲ. ಬೂದು ಬಣ್ಣದ್ದು ಬದುಕಬಹುದು, ಬದುಕದಿರಬಹುದು. ಕಪ್ಪಾದದ್ದು ಬೆಂಕಿಕಡ್ಡಿಯ ತುದಿಯಷ್ಟೂ ಇರಲಿಲ್ಲ, ಅದೊಂದನ್ನೇ ನೆಟ್ಟು ನಂಬುವ ಹಾಗಿಲ್ಲ. ಡಾಕ್ಟರು ನನ್ನ ಕಡೆ ತಿರುಗಿದರು. "ಸಿಸ್ಟರ್, ಗಡ್ಡೆ ತನ್ನಿ."

"ಹೊರಗೆ ಹೋಯ್ತಲ್ಲ ಸರ್. ತೋರಿಸೋಕೆ."

ಫಾರ್ಮಲಿನ್ ಬಿದ್ದರೆ ಅದರೊಳಗಿನ ಜೀವಕೋಶವೆಲ್ಲ ಸತ್ತಂತೆ, ನೆಡಲು ಏನೂ ಉಳಿಯುವುದಿಲ್ಲ. ಮಾಸ್ಕ್ ಮೇಲಿದ್ದ ಅವರ ಕಣ್ಣುಗಳಲ್ಲಿ ನಾನು ಕೆರೆಕಟ್ಟೆಯ ಹೆಂಗಸನ್ನು ಕಂಡೆ. ಓಡಿದೆ.

ವರಾಂಡದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕೆಳಗೆ ಜೀಪೂ ಇಲ್ಲ. ಔಷಧಿ ಅಂಗಡಿಯವನು, "ಟ್ರೇನಾ ಸಿಸ್ಟ್ರೇ? ಮೆರವಣಿಗೆ ಈಗಷ್ಟೇ ಹೋತು, ಬಸ್ ಸ್ಟ್ಯಾಂಡ್ ಕಡೆ" ಎಂದ. ಬಸ್ಸಿಗೆ ಅಡ್ಡವಾಗಿದೆ ಎಂದು ಯಾರೋ ಬೈದದ್ದಕ್ಕೆ ಡ್ರೈವರ್ ಜೀಪು ತೆಗೆದಿದ್ದನಂತೆ. ಅಜ್ಜಿ ಇನ್ನೂ ನೋಡಿಲ್ಲ ಎಂದು ಶೇಷಪ್ಪ ಟ್ರೇ ಹಿಡಿದು ಹಿಂದೆ ಹೋಗಿದ್ದ, ನೆಂಟರೆಲ್ಲ ಅವನ ಹಿಂದೆ. ನಾನು ಟೋಪಿ, ಮಾಸ್ಕು, ಹಸಿರು ಗೌನಿನಲ್ಲೇ ಒಂದು ಆಟೋ ಹತ್ತಿದೆ.

"ಎಲ್ಲಿಗೆ ಸಿಸ್ಟ್ರೇ?"

"ಥೈರಾಯ್ಡ್ ಹಿಂದೆ ಹೋಗು ಮಾರಾಯ!"

ಆಟೋದವನು ದೊಡ್ಡ ಮನುಷ್ಯ. ಮರುಮಾತಾಡದೆ ಬಿಟ್ಟ.

ಜೀಪು ಬಸ್ ಸ್ಟ್ಯಾಂಡಿನ ಏರಿನಲ್ಲಿ ನಿಂತಿತ್ತು. ಸುತ್ತ ಜನ. ಗೌರಮ್ಮಜ್ಜಿಯ ಮಡಿಲ ಮುಂದೆ ಶೇಷಪ್ಪ ಟ್ರೇ ಹಿಡಿದು ನಿಂತಿದ್ದಾನೆ, ಕಂಕುಳಲ್ಲಿ ಫಾರ್ಮಲಿನ್ ಬಾಟಲಿ. ಮುಚ್ಚಳ ಇನ್ನೂ ಮುಚ್ಚಿಯೇ ಇತ್ತು! ಅಜ್ಜಿಗೆ ಕಾಣುತ್ತಿರಲಿಲ್ಲವಾದ್ದರಿಂದ ನೆಂಟರ ಕನ್ನಡಕಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ, ಯಾವುದೂ ಹೊಂದದೆ, ಕೊನೆಗೆ ಬಸ್ಸಿಗೆ ಕಾಯುತ್ತಿದ್ದ ಯಾರೋ ನಿವೃತ್ತ ಮೇಷ್ಟರ ಕನ್ನಡಕ ಸರಿಹೊಂದಿ, ಆಗಷ್ಟೇ ಬಟ್ಟೆ ಸರಿಸಿ ನೋಡಲು ಶುರು ಮಾಡಿದ್ದರು. ಅಜ್ಜಿ ನೋಡಿ ಮುಗಿಯದೆ ಬಾಟಲಿ ತೆರೆಯಬಾರದು ಎಂಬುದು ಶೇಷಪ್ಪನ ನಿಯಮ. ಆ ನಿಷ್ಠಾವಂತನ ಕಾಲಿಗೆ ಬೀಳಬೇಕು ಎನ್ನಿಸಿತು.

ಅಷ್ಟರಲ್ಲಿ ಅಜ್ಜಿ ತಲೆ ಎತ್ತಿ ನನ್ನನ್ನು ನೋಡಿದರು. "ಎಂತ ಸಿಸ್ಟ್ರೇ, ನಿಮ್ಮ ಆಸ್ಪತ್ರೇಲಿ ಟ್ರೇ ತೊಳ್ಯದಿಲ್ವಾ?"

"ಎಂತ ಅಂದ್ರಿ?"

"ತೊಗರಿಬೇಳೆ ಅಂಟ್ಕಂಡದೆ ನೋಡಿ. ಇದ್ರಲ್ಲೇ ಸಾರು ಬಡಿಸಿದ್ರಾ ಎಂತ ಕತೆ?"

ನಾನು ಬಂದ ಕೆಲಸ ಮರೆತೇಹೋಯಿತು. ಸತ್ಯವಾಗಿ ಹೇಳುತ್ತೇನೆ, ಆ ಹೊತ್ತಿಗೆ ಗಿರಿಜಾಳೂ ಇರಲಿಲ್ಲ, ಗ್ರಂಥಿಯೂ ಇರಲಿಲ್ಲ, ಭೂಮಿಯ ಮೇಲೆ ನನ್ನ ಟ್ರೇ ಮತ್ತು ಆ ಮಾತು ಮಾತ್ರ ಇದ್ದವು. "ಅಜ್ಜೀ, ಬೇರೆ ಎಂತ ಬೇಕಾದ್ರೂ ಹೇಳಿ, ನನ್ನ ಟ್ರೇ ವಿಷ್ಯ ಮಾತಾಡ್ಬೇಡಿ! ಈ ತಾಲ್ಲೂಕಲ್ಲೇ ಹಿಂಗೆ ತೊಳ್ದ ಟ್ರೇ ಇನ್ನೊಂದಿಲ್ಲ!"

"ಕಣ್ಣಿಗೆ ಕಾಣ್ತದಲ್ಲೇ ಮಾರಾಯ್ತಿ. ಬೇಳೆ ಅಲ್ವಾ ಇದು?"

"ಬೇಳೆ ಅಲ್ಲ!"

"ಮತ್ತೆಂತ?"

ಆಸ್ಪತ್ರೆಯ ಮರ್ಯಾದೆ ಹೋಗುತ್ತಿದೆ ಎಂದು ಶೇಷಪ್ಪನಿಗೆ ಸಂಕಟವಾಯಿತು. "ತಡೀರಿ ಸಿಸ್ಟ್ರೇ, ನಾನೇ ತೆಗ್ದು ಬಿಸಾಕ್ತೀನಿ" ಎಂದು ಉಗುರು ಮುಂದೆ ಮಾಡಿ ಅದರ ಕಡೆ ಕೈ ತಂದ. ಮತ್ತೆಂತ ಎಂದು ತೋರಿಸಲು ನಾನೂ ಆಗಲೇ ಬಗ್ಗಿದ್ದೆ. ಅಜ್ಜಿಗೆ ತೋರಿಸಲು ಶೇಷಪ್ಪ ಮಗುಚಿಟ್ಟಿದ್ದ ಗಡ್ಡೆಯ ಬೆನ್ನಿನ ಮಡಿಕೆಯಲ್ಲಿ, ಹಳದಿಮಿಶ್ರಿತ ಕಂದು ಬಣ್ಣದ್ದು, ಬೇಳೆಯಷ್ಟೇ ಗಾತ್ರದ್ದು, ನುಣ್ಣಗೆ ಕೂತಿತ್ತು.

"ಮುಟ್ಟಿದ್ರೆ ಕೈ ಮುರೀತೀನಿ!" ಎಂದು ನಾನು ಕೂಗಿದ ರಭಸಕ್ಕೆ, ಹೊರಟಿದ್ದ ಬಾಳೆಹೊನ್ನೂರು ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ತನಗೇ ಹೇಳಿದ್ದು ಎಂದುಕೊಂಡನಂತೆ.

ಟ್ರೇ ಎದೆಗವಚಿ ಅದೇ ಆಟೋದಲ್ಲಿ ವಾಪಸು ಬಂದೆ. ಥಿಯೇಟರಿನಲ್ಲಿ ಎಲ್ಲರೂ ಬಿಟ್ಟ ಜಾಗದಲ್ಲೇ ನಿಂತಿದ್ದರು. "ಸಿಕ್ತಾ?" ಎಂದರು ಡಾಕ್ಟರು. "ಸಿಕ್ತು ಸರ್. ಬೇಳೆ" ಎಂದೆ.

ಅವರು ಅದನ್ನು ನಾಜೂಕಾಗಿ ಬಿಡಿಸಿ, ಹಲವು ಸಲ ತೊಳೆದು, ಸಲೈನ್ ತುಂಬಿದ ಬಟ್ಟಲಿಗೆ ಹಾಕಿದರು. ಕೊಬ್ಬಾದರೆ ತೇಲುತ್ತದೆ, ಗ್ರಂಥಿಯಾದರೆ ಮುಳುಗುತ್ತದೆ. ಬಿತ್ತನೆಯ ಭತ್ತವನ್ನು ನೀರಿಗೆ ಹಾಕಿ ಜೊಳ್ಳು ತೆಗೆಯುವ ಹಾಗಿನ ಹಳೇ ಕಾಲದ ಪರೀಕ್ಷೆ. ಮುಳುಗಿತು. ಯಂತ್ರ ನೋಡಿಕೊಳ್ಳಲು ಬಂದು ಮೂಲೆಯಲ್ಲಿ ನಿಂತಿದ್ದ ಕಂಪನಿಯವನು ಗೌನಿನೊಳಗಿನ ಟೈ ಸರಿಮಾಡಿಕೊಂಡು, "ಸರ್, ಕ್ಯಾಮೆರಾದಲ್ಲೂ ನೋಡೋಣ, ಈ ಗ್ರಂಥಿ ಔಷಧಿ ಇಲ್ಲದೇನೂ ಸ್ವಲ್ಪ ಹೊಳೀತದೆ" ಎಂದ. ನಾನು ಮತ್ತೊಮ್ಮೆ ಕಿಟಕಿಗೆ ಕೂಗಿ ದೀಪ ಆರಿಸಿದೆ. ಪರದೆಯ ಕತ್ತಲೆಯಲ್ಲಿ ಮಿಣುಕು ಹುಳದಷ್ಟು ಬೆಳಕು ಕಂಡಿತು. ಅಷ್ಟು ದೂರ ಬಸ್ ಸ್ಟ್ಯಾಂಡಿಗೆ ಹೋಗಿ ಬಂದ ಮೇಲೂ ಹೊಳೆಯುತ್ತಿತ್ತು. ಡಾಕ್ಟರು ಅದನ್ನೂ ಕಪ್ಪಾಗಿದ್ದನ್ನೂ ಚೂರು ಮಾಡಿ, ಕುತ್ತಿಗೆಯ ಸ್ನಾಯುವಿನಲ್ಲಿ ಪುಟ್ಟ ಜೇಬು ಮಾಡಿ ಇಟ್ಟು, ನೀಲಿ ದಾರದ ಒಂದು ಹೊಲಿಗೆ ಹಾಕಿದರು. ನಾಲ್ಕನೆಯದು ಕೊನೆಗೂ ಸಿಗಲಿಲ್ಲ. ಅರಿವಳಿಕೆ ಡಾ‌ಕ್ಟರು, "ಮಾರಾಯ್ರೆ, ಬೇಗ ಹೊಲೀರಿ, ಅದು ಶೃಂಗೇರಿ ಬಸ್ ಹತ್ತಿ ಹೋಗಿರ್ಬೇಕು" ಎಂದರು.

ನೆಟ್ಟದ್ದು ಹಿಡಿಯಿತೋ ಇಲ್ಲವೋ ತಿಳಿಯಲು ವಾರಗಟ್ಟಲೆ ಬೇಕು. ಯಾವ ಕ್ಯಾಮೆರಾವೂ ಅದನ್ನು ಅಂದೇ ಹೇಳುವುದಿಲ್ಲ. ಗಿರಿಜಾ ಎಚ್ಚರವಾದೊಡನೆ ಮಾಡಿದ ಮೊದಲ ಕೆಲಸ, ಮಂಚದ ಬಳಿ ಬಿದ್ದಿದ್ದ ಡ್ರಿಪ್ಪಿನ ಹಳೇ ಕೊಳವೆಯ ಎರಡು ತುಂಡುಗಳನ್ನು ಬೇಡಿ ತೆಗೆದುಕೊಂಡು, ಬಾಯಿಗೆ ಬಾಯಿ ಕೂರಿಸಿ, ಪ್ಲಾಸ್ಟರಿನ ಪಟ್ಟಿ ಸುತ್ತಿ ನೋಡಿದ್ದು. ಕೈ ಚೆನ್ನಾಗಿತ್ತು. ಮಾರನೆಯ ದಿನ ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ ಆಗುತ್ತಿದೆ ಎಂದಳು. ಸಂಜೆ ಪಟ್ಟಿ ಸುತ್ತುತ್ತಿರುವಾಗ ನನ್ನ ಕಣ್ಣೆದುರೇ ಬೆರಳುಗಳು ಒಟ್ಟುಗೂಡಿ ಮಡಚಿ, ಕೊಳವೆ ನೆಲಕ್ಕೆ ಬಿತ್ತು. ಅವಳು ಅಳಲಿಲ್ಲ. ಬಿದ್ದ ಕೊಳವೆಯನ್ನೇ ನೋಡುತ್ತಿದ್ದಳು. ಕ್ಯಾಲ್ಸಿಯಂ ಏರಿಸಿ, ಕೈ ಸಡಿಲವಾದ ಮೇಲೆ ನಾನೇ ಬಟ್ಟೆ ಕೋಣೆಗೆ ಹೋಗಿ ಅತ್ತೆ.

ಆಮೇಲೆ ಮಾತ್ರೆಗಳ ಮೇಲೆ ಮನೆಗೆ ಹೋದಳು, ಮೊದಲು ವಾರವಾರ, ಬಳಿಕ ತಿಂಗಳಿಗೊಮ್ಮೆ ಬಂದಳು. ಅವಳು ಬಂದಾಗಲೆಲ್ಲ ದೊಡ್ಡ ಡಾಕ್ಟ್ರು ಅವಳ ಕಿವಿಯ ಮುಂದೆ ಕೆನ್ನೆಗೆ ಬೆರಳಿನಿಂದ ತಟ್ಟುತ್ತಿದ್ದರು. ಕ್ಯಾಲ್ಸಿಯಂ ಕಡಿಮೆಯಿದ್ದರೆ ತುಟಿಯ ಅಂಚು ಅದುರುತ್ತದೆ. ರಕ್ತಪರೀಕ್ಷೆಯ ಉತ್ತರ ಬರುವ ತನಕ ಅವರಿಗೆ ತಾಳ್ಮೆಯಿಲ್ಲ. ಒಮ್ಮೆ ತಟ್ಟುವರು, ನಂಬಿಕೆ ಬಾರದೆ ಇನ್ನೊಮ್ಮೆ ತಟ್ಟುವರು. ಕೊನೆಗೆ ಗಿರಿಜಾಳೇ ಹೇಳಿದಳು, "ಡಾಕ್ಟ್ರೇ, ಕಸಿ ಕಟ್ಟಿದ್ಮೇಲೆ ದಿನಾ ಅಲ್ಲಾಡ್ಸಿ ನೋಡಿದ್ರೆ ಹಿಡಿಯೋದೂ ಹಿಡಿಯಲ್ಲ. ಸುಮ್ಮನೆ ಬಿಡಿ ಅದನ್ನ." ಡಾಕ್ಟರು ಕೈಯನ್ನು ಜೇಬಿಗೆ ಹಾಕಿಕೊಂಡರು. ಕಂಪನಿಯವನು ಬಂದು ಕ್ಯಾಮೆರಾವನ್ನು ಮತ್ತೆ ಹೊದಿಸಿ ಮಲಗಿಸಿಕೊಂಡು ಹೋದಾಗಲೂ, ಆಮೇಲೆ ಅದಕ್ಕಿಂತ ಒಳ್ಳೆಯದೊಂದು ಸ್ವಂತಕ್ಕೇ ಬಂದಾಗಲೂ, ಡಾಕ್ಟರು ಬದಲಾಯಿಸಿದ ನಿಯಮ ಒಂದೇ. ಸರ್ಜನ್ ಗಡ್ಡೆಯನ್ನು ಮಗುಚಿ ನೋಡಿ, ಸಿಸ್ಟರಿನ ಕಣ್ಣಲ್ಲಿ ಕಣ್ಣಿಟ್ಟು "ನೋಡಿದೆ" ಎಂದು ಪೂರ್ತಿ ಪದ ಹೇಳಿದ ಮೇಲಷ್ಟೇ ಟ್ರೇ ಬಿಡಬೇಕು. ಹ್ಞೂಂ ನಡೆಯುವುದಿಲ್ಲ. ಹೊಸ ಹುಡುಗಿಯರು ನನ್ನಿಂದ ಇದೊಂದನ್ನು ಕಲಿತರೆ ಸಾಕು.

ನಾನು ನಿವೃತ್ತಳಾದ ಮೇಲೆ ಒಂದು ದಿನ ನಿಂಬೆ ಗಿಡ ಬೇಕೆಂದು ಗಿರಿಜಾಳ ನರ್ಸರಿಗೆ ಹೋದೆ. ಅವಳು ಕ್ಯಾಲ್ಸಿಯಂ ಮಾತ್ರೆ ಬಿಟ್ಟು ಬಹಳ ದಿನವಾಯಿತು ಎಂದು ಗೊತ್ತಿತ್ತು, ಕಸಿ ಕಟ್ಟುವುದನ್ನು ಕಣ್ಣಲ್ಲಿ ನೋಡಿರಲಿಲ್ಲ. ಜಗುಲಿಯಲ್ಲಿ ಗೌರಮ್ಮಜ್ಜಿ ಕೂತಿದ್ದರು, ಗಿಡ ಕೊಳ್ಳಲು ಬಂದವರು ಐದಾರು ಜನ ನಿಂತಿದ್ದರು. ನನ್ನನ್ನು ಕಂಡದ್ದೇ ಅಜ್ಜಿ ದೊಡ್ಡದಾಗಿ, "ಬಂದ್ರು ನೋಡಿ, ಅದೇ ಟ್ರೇ ತೊಳ್ಯದ ಸಿಸ್ಟ್ರು! ಬೇಳೆ ಅಂಟ್ಕಂಡಿದ್ದ ಟ್ರೇನೇ ಕಳ್ಸಿದ್ರು. ನಾನು ಕಂಡು ಹೇಳಿದ್ದಕ್ಕಾತು" ಎಂದು ಎಲ್ಲರಿಗೂ ಪರಿಚಯ ಮಾಡಿಕೊಟ್ಟರು. ಈ ಕತೆ ಆ ಊರಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತೆಂದು ಅವರು ನಕ್ಕದ್ದರಲ್ಲೇ ತಿಳಿಯಿತು. ಅದು ಬೇಳೆ ಅಲ್ಲ, ಟ್ರೇ ತೊಳೆದದ್ದೇ, ಕನ್ನಡಿಯ ಹಾಗಿತ್ತು ಎಂದು ಹೇಳಲು ಬಾಯಿ ತೆರೆದೆ.

ಅಜ್ಜಿಯ ಹಿಂದೆ, ನೆರಳುಬಲೆಯ ಕೆಳಗೆ ಗಿರಿಜಾ ಮಣೆ ಹಾಕಿ ಕೂತಿದ್ದಳು. ನನ್ನನ್ನು ಕಂಡು ನಕ್ಕಳು, ಕೈ ಬಿಡಲಿಲ್ಲ. ಎಡಗೈಯಲ್ಲಿ ಸೀಳಿದ ಬುಡ, ಬಲಗೈಯಲ್ಲಿ ಚೂಪು ಮಾಡಿದ ಮೆಣಸಿನ ಕುಡಿ. ಕುಡಿಯನ್ನು ಸೀಳಿನೊಳಗೆ ಇಳಿಸಿದಳು, ಬೆರಳಿನಿಂದ ಒತ್ತಿ ಹಿಡಿದು ಪಟ್ಟಿ ಸುತ್ತಿದಳು. ಎಲೆಯ ತುದಿ ಕೂಡ ಅಲುಗಲಿಲ್ಲ.

"ಹೌದು ಅಜ್ಜಿ" ಎಂದೆ. "ಅವತ್ತು ತೊಳ್ದಿರ್ಲಿಲ್ಲ."